ದ್ಯಾವಮ್ಮ ಕಂಡ ಬಿಳಿಮೀನು

೧೯೪೧ರ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ, ಸಮೇತನಹಳ್ಳಿಯಿಂದ ಮೈಲಿ ದೂರದ ಕೆರೆಯ ಏರಿಯ ಮೇಲೆ ಸರ್ಕಾರದ ಲಾರಿಯೊಂದು ಬಂದು ನಿಂತಿತು. ಹಿಂದೆ ಆರು ಪೀಪಾಯಿಗಳು. ಅವುಗಳ ಬಾಯಿಗೆ ಒದ್ದೆ ಗೋಣಿತಾಟು ಹೊದಿಸಿತ್ತು. ಮುಂದಿನಿಂದ ಇಳಿದವರು ಮೀನಿನ ಇಲಾಖೆಯ ಇನ್‌ಸ್ಪೆಕ್ಟರು ನರಸಿಂಹಯ್ಯ. ಹಣೆಯಲ್ಲಿ ನಾಮ, ತಲೆಗೆ ರುಮಾಲು, ಮೂಗಿಗೆ ಅಡ್ಡ ಹಿಡಿದ ಕರ್ಚೀಫು. ಮೀನಿನ ವಾಸನೆ ಕಂಡರಾಗದ ಮನುಷ್ಯನಿಗೆ ಸರ್ಕಾರ ಅದೇ ಇಲಾಖೆಯಲ್ಲಿ ಕೆಲಸ ಕೊಟ್ಟಿತ್ತು.

ಆ ಕೆರೆಯ ನೀರಗಂಟಿ ಪಿಳ್ಳಪ್ಪ. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಅವನಿಗೆ ಹಿಟ್ಟು ತಂದಿದ್ದ ಹೆಂಡತಿ ದ್ಯಾವಮ್ಮ, ಆಳುಗಳು ಪೀಪಾಯಿ ಇಳಿಸುವುದನ್ನು ನೋಡುತ್ತ ನಿಂತಳು. ಗೋಣಿತಾಟು ಸರಿದಾಗ ಒಳಗೆ ಇಣುಕಿದಳು. ಬೆರಳುದ್ದದ ಮೀನುಗಳು, ಮೈಗೆ ದೊಡ್ಡದೆನಿಸುವ ಹುರುಪೆ, ರೆಕ್ಕೆಯ ಅಂಚಿನಲ್ಲಿ ತೆಳು ಹಳದಿ.

“ಅಯ್ಯೋ, ಬಿಳಿಮೀನು!” ಅಂದಳು.

ನರಸಿಂಹಯ್ಯ ಕರ್ಚೀಫು ಕೆಳಗಿಳಿಸಿದರು. “ನಿನಗೆ ಹೇಗಮ್ಮ ಗೊತ್ತು? ಈ ಸೀಮೆಯಲ್ಲಿ ಈ ಮೀನೇ ಇಲ್ಲವಲ್ಲ.”

“ನಮ್ಮ ತೌರಿನ ಹೊಳೆ ಮೀನು ಸ್ವಾಮಿ. ಮುತ್ತತ್ತಿ ತಾವ. ಎಲ್ಲಿಂದ ತಂದ್ರಿ?”

“ಅಲ್ಲಿಂದಲೇ. ನಿನ್ನೆ ಸಂಜೆ ಹಿಡಿಸಿದ್ದು.”

ದ್ಯಾವಮ್ಮ ಪೀಪಾಯಿಗೆ ಕೈಯಿಳಿಸಿ, ಒಂದು ಬೊಗಸೆ ನೀರೆತ್ತಿ ಕುಡಿದುಬಿಟ್ಟಳು. ಆಳುಗಳು ನಕ್ಕರು. ಪಿಳ್ಳಪ್ಪನಿಗೆ ನಾಚಿಕೆಯಾಯಿತು. “ಲೇ, ಏನ್ಲೇ ಇದು, ಮೀನು ಬಿದ್ದಿರೋ ನೀರು,” ಅಂದ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಏರಿ ಇಳಿದು ಹೋದಳು.

ಅವಳು ಕೆರೆ ಪಕ್ಕದ ಆ ಊರಿಗೆ ಬಂದು ಆಗ ಹತ್ತು ವರ್ಷವಾಗಿತ್ತು. ಪಿಳ್ಳಪ್ಪ ಹುಡುಗನಾಗಿದ್ದಾಗ ಅಪ್ಪನ ಜೊತೆ ಶಿವನಸಮುದ್ರದ ಕಡೆ ಕಾಲುವೆ ರಿಪೇರಿ ಕೂಲಿಗೆ ಹೋಗಿದ್ದ. ಅಲ್ಲಿ ಅವನಿಗೆ ಚಳಿಜ್ವರ ಹಿಡಿದಾಗ ಇಪ್ಪತ್ತು ದಿನ ಮನೆಯಲ್ಲಿಟ್ಟುಕೊಂಡು ನೋಡಿಕೊಂಡವನು ತೆಪ್ಪ ನಡೆಸುವ ಗಂಗಣ್ಣ. ಅವನ ಮಗಳೇ ದ್ಯಾವಮ್ಮ. ಹಾಗೆ ಆದ ನಂಟು. ಇಷ್ಟು ದೂರ ಹೆಣ್ಣು ಕೊಡುವುದೇ ಎಂದು ಗಂಗಣ್ಣನ ಕಡೆಯವರು ಅಂದರಂತೆ. ಅವನು ಮಾತ್ರ, ಕೆರೆ ಕಾಯೋನು, ನೀರಿನ ಹತ್ತಿರಾನೇ ಇರ್ತಾಳೆ ಬಿಡಿ, ಅಂದನಂತೆ.

ಕೆರೆಯ ನೀರು ದ್ಯಾವಮ್ಮನಿಗೆ ನೀರೆನಿಸಲೇ ಇಲ್ಲ. ಅದು ಓಡುತ್ತಿರಲಿಲ್ಲ. ಸದ್ದೂ ಇಲ್ಲ. ಮದುವೆಯಾದ ಹೊಸದರಲ್ಲಿ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಯಾಕೆಂದು ಅತ್ತೆ ಕೇಳಿದಾಗ, “ಸದ್ದೇ ಇಲ್ವಲ್ಲ ಅತ್ತೆ” ಅಂದಿದ್ದಳು. ಮೊದಲ ಹೆರಿಗೆಗೆ ತೌರಿಗೆ ಹೋಗಿ ಬಂದದ್ದೇ ಕಡೆ. ಅಪ್ಪ ಸತ್ತ ಸುದ್ದಿ ಕಾರ್ಡಿನಲ್ಲಿ ತಿಂಗಳು ತಡವಾಗಿ ಬಂತು. ಆಮೇಲೆ ಅಣ್ಣ ಕರೆಯಲು ಬರಲಿಲ್ಲ. ಕರೆಯದೆ ಹೋಗುವ ಮನಸ್ಸು ಇವಳಿಗೂ ಆಗಲಿಲ್ಲ. ಎರಡು ಹೆಣ್ಣುಮಕ್ಕಳು, ಹಸು, ಗಂಡನ ತೂಬು. ದಿನ ಹೋದವು.

ಮೀನು ಬಿಟ್ಟ ವಾರದಲ್ಲೇ ಜಗಳ ಎದ್ದಿತು. ಬಿಳಿಮೀನು ಇಂಗ್ಲಿಷ್ ದೊರೆಗಳಿಗೆ ಬಲು ಇಷ್ಟದ ಬೇಟೆ. ಗಾಳಕ್ಕೆ ಬಿದ್ದರೆ ಮೊಳ ಮೊಳವೂ ಎಳೆದಾಡಿ ಸತಾಯಿಸುತ್ತದೆ. ದಂಡಿನ ಆಫೀಸರುಗಳು ಅಷ್ಟು ದೂರದ ಹೊಳೆಗೆ ಹೋಗಲಾಗದೆ, ಬೆಂಗಳೂರಿಗೆ ಹತ್ತಿರದ ಕೆರೆಗಳಲ್ಲೇ ಇದನ್ನು ಬೆಳೆಸಿರೆಂದು ಕೇಳಿದ್ದರು. ಮೀನು ದೊಡ್ಡದಾಗುವವರೆಗೆ ಕೆರೆಗೆ ಯಾರೂ ಬಲೆ ಇಳಿಸಬಾರದು, ಆಮೇಲೂ ಪರವಾನಗಿ ಇದ್ದವರು ಗಾಳ ಮಾತ್ರ ಹಾಕಬಹುದು ಎಂದು ನರಸಿಂಹಯ್ಯ ಚಾವಡಿಯಲ್ಲಿ ಓದಿ ಹೇಳಿದರು.

ಪಟೇಲ ಅಪ್ಪಯ್ಯಣ್ಣ ಎದ್ದು ನಿಂತ. “ಬೇಸಿಗೇಲಿ ನೀರು ತಗ್ಗಿದಾಗ ಊರೆಲ್ಲ ಇಳಿದು ಕೊರವ, ಪಕ್ಕೆ ಮೀನು ಹಿಡೀತೀವಿ ಸ್ವಾಮಿ. ಬಡವರ ಮನೇಲಿ ಸಾರಿನ ವಾಸನೆ ಬರೋದೇ ಆ ಎಂಟು ದಿನ. ಕೆರೆ ಹೂಳು ತೆಗೆಯೋರು ನಾವು, ಆಟ ಆಡೋರು ದೊರೆಗಳಾ?”

“ಸರ್ಕಾರದ ಆಜ್ಞೆ, ಗೌಡರೇ. ನಾನು ಬರೀ ಓದುವವನು,” ಎಂದರು ನರಸಿಂಹಯ್ಯ. ಅವರ ಧ್ವನಿಯಲ್ಲಿ ಜೋರಿರಲಿಲ್ಲ.

ಬಲೆ ನಿಂತಿತು. ಬೇಸಿಗೆಯಲ್ಲಿ ನೆರೆಮನೆಯ ಪಾಪಕ್ಕ, “ನಿನ್ನ ತೌರಿನೋರು ಬಂದು ನಮ್ಮ ಸಾರು ಕೆಡಿಸಿದ್ರಲ್ಲೇ ದ್ಯಾವಿ,” ಎಂದು ನಗುನಗುತ್ತಲೇ ಚುಚ್ಚಿದಳು. ದ್ಯಾವಮ್ಮನೂ ನಕ್ಕಳು. ಆದರೆ ದಿನಾ ಬೆಳಿಗ್ಗೆ ತೂಬಿನ ಕಲ್ಲಿನ ಮೇಲೆ ಕೂತು, ಹಿಟ್ಟಿನ ಪಾತ್ರೆಯ ತಳ ಕೆರೆದ ಸೀಕಲು ನೀರಿಗೆ ಹಾಕುವುದನ್ನು ಬಿಡಲಿಲ್ಲ. ಮೀನುಗಳು ಮೊದಲ ವರ್ಷ ಕಾಣಲಿಲ್ಲ. ಎರಡನೆಯ ವರ್ಷ ನೀರು ತಿಳಿಯಾದಾಗ ಮೇಲೆ ಬಂದವು, ಮೊಳಕೈ ಉದ್ದ. ಅವುಗಳ ಜೊತೆ ಅವಳು ಮಾತಾಡುತ್ತಿದ್ದಳು ಎಂದು ದನ ಕಾಯುವವರು ಹೇಳುತ್ತಿದ್ದರು. ಏನು ಮಾತಾಡುತ್ತಿದ್ದಳೆಂದು ಯಾರೂ ಹತ್ತಿರ ಹೋಗಿ ಕೇಳಲಿಲ್ಲ.

ಯುದ್ಧ ಜೋರಾಗಿದ್ದ ಆ ದಿನಗಳಲ್ಲಿ ಭಾನುವಾರಗಳಂದು ದೊರೆಗಳ ಜೀಪು ಬರತೊಡಗಿತು. ಅವರಲ್ಲಿ ಬೆಳ್ಳಿಮೀಸೆಯ ಒಬ್ಬ ಮುದುಕ, ದಂಡಿನ ಡಾಕ್ಟರು, ನಾಲ್ಕು ವಾರ ಗಾಳ ಹಾಕಿ ಕೂತರೂ ಒಂದೂ ಬೀಳಲಿಲ್ಲ. ಐದನೆಯ ವಾರ ದ್ಯಾವಮ್ಮ ಬಟ್ಟಲಲ್ಲಿ ಗಟ್ಟಿಯಾಗಿ ಬೇಯಿಸಿ ನಾದಿದ ರಾಗಿಹಿಟ್ಟು ತಂದು ಅವನ ಮುಂದಿಟ್ಟು, ನಿಂಬೆಗಾತ್ರದ ಉಂಡೆ ಮಾಡಿ, ಗಾಳದ ಕೊಕ್ಕೆ ಕಾಣದಂತೆ ಮೆತ್ತಿ ತೋರಿಸಿದಳು. ಅವಳಪ್ಪ ಹೊಳೆಯಲ್ಲಿ ದೊರೆಗಳಿಗೆ ಮಾಡಿಕೊಡುತ್ತಿದ್ದದ್ದು ಹಾಗೆ. ಗಳಿಗೆಯಲ್ಲೇ ದಾರ ಸರ್ರನೆ ಓಡಿತು. ಮುದುಕ ಕೂಗಿದ, ಓಡಿದ, ಎಡವಿದ, ಕೊನೆಗೆ ಮೀನನ್ನು ದಡಕ್ಕೆ ತಂದು ಅಳತೆ ಮಾಡಿ, ಮುದ್ದು ಮಾಡುವ ಹಾಗೆ ಹಿಡಿದು, ಮತ್ತೆ ನೀರಿಗೇ ಬಿಟ್ಟುಬಿಟ್ಟ.

ಪಿಳ್ಳಪ್ಪನಿಗೆ ತಲೆಬುಡ ತಿಳಿಯಲಿಲ್ಲ. “ತಿನ್ನೋದಿಲ್ವಾ? ಮತ್ತೆ ಇಷ್ಟು ರಂಪ ಯಾಕೆ?”

“ಎಳೆದಾಡೋದೇ ಅವರಿಗೆ ಸುಖ,” ಅಂದಳು ದ್ಯಾವಮ್ಮ. “ಅವರನ್ನ ಕಂಡು ನಮ್ಮಪ್ಪಾನೂ ನಗೋನು.”

ಈ ಸುದ್ದಿ ನರಸಿಂಹಯ್ಯನವರಿಗೆ ಹೋಯಿತು. ಮುಂದಿನ ಸಲ ಬಂದಾಗ ಅವರೇ ಅವಳನ್ನು ಕರೆದರು. “ನೋಡಮ್ಮ, ಹೊಳೆಯಲ್ಲಿ ಮರಿ ಹಿಡಿಯುವ ನಮ್ಮ ಆಳುಗಳಿಗೆ ಹದ ತಿಳಿಯದು. ಅರ್ಧ ದಾರಿಯಲ್ಲೇ ಸಾಯುತ್ತವೆ. ಮೇಲಿನವರು ಒಪ್ಪಿದರೆ ಇನ್ನೂ ನಾಲ್ಕು ಕೆರೆಗೆ ಬಿಡುವುದುಂಟು. ಆಗ ಲಾರಿಯಲ್ಲಿ ನಿನ್ನನ್ನೂ ನಿನ್ನ ಗಂಡನನ್ನೂ ಕರೆದುಕೊಂಡು ಹೋಗುತ್ತೇನೆ. ಎಂಟು ದಿನ ಅಲ್ಲೇ ಇರಬಹುದು. ಬರುತ್ತೀಯಾ?”

“ಬರ್ತೀನಿ ಸ್ವಾಮಿ,” ಅಂದಳು. ಗಂಡನ ಮುಖವನ್ನೂ ನೋಡಲಿಲ್ಲ.

ಅಲ್ಲಿಂದ ಎರಡು ವರ್ಷ ಅವಳು ಆ ಲಾರಿಗೆ ಕಾದಳು. ಹಳೇ ಸೀರೆಯೊಂದನ್ನು ಹರಿದು, ಮರಿಗಳ ಮೈ ಗೀರದಂಥ ಮೆತ್ತನೆಯ ಜೋಲಿಬಲೆ ಹೊಲಿದಿಟ್ಟಳು. ಮಕ್ಕಳಿಗೆ ಹೊಳೆಯ ಕಥೆ ಹೇಳಿದಳು: ಬಂಡೆ ಮೇಲೆ ಬಿಸಿಲು ಕಾಯುವ ಮೊಸಳೆ, ತೆಪ್ಪ ಸುತ್ತುವ ಮಡು, ಮಳೆಗಾಲದಲ್ಲಿ ರಾತ್ರಿಯೆಲ್ಲ ಗುಡುಗುವ ನೀರು. ಅತ್ತಿಗೆ ಗುರುತು ಹಿಡಿಯುತ್ತಾಳೋ ಇಲ್ಲವೋ ಎಂದು ಒಮ್ಮೊಮ್ಮೆ ಪಿಳ್ಳಪ್ಪನನ್ನು ಕೇಳುವಳು. “ಹಿಡೀದೆ ಏನು? ಮೂಗು ಅಲ್ಲೇ ಐತಲ್ಲ,” ಅನ್ನುವನು ಅವನು.

ಆ ವರ್ಷಗಳಲ್ಲೇ ಅವಳು ಇನ್ನೊಂದನ್ನೂ ಕಂಡಳು. ಮುಂಗಾರು ಬಿದ್ದು ಹಳ್ಳದಿಂದ ಕೆರೆಗೆ ಕೆಂಪು ನೀರು ನುಗ್ಗುವಾಗ ಬಿಳಿಮೀನುಗಳೆಲ್ಲ ಹಳ್ಳದ ಬಾಯಿಗೆ ಬಂದು ಕೂಡುತ್ತಿದ್ದವು. ಹೊಟ್ಟೆ ತುಂಬ ತತ್ತಿ. ನೀರಿಗೆ ಎದುರಾಗಿ ಹಳ್ಳ ಹತ್ತುತ್ತಿದ್ದವು, ಫರ್ಲಾಂಗು, ಎರಡು ಫರ್ಲಾಂಗು. ಮಾರನೆಯ ದಿನ ಮಳೆ ನಿಂತು ಹಳ್ಳ ತೆಳುವಾದರೆ ಪಾದ ಮುಳುಗದ ನೀರಿನಲ್ಲಿ ಕಲ್ಲುಗಳ ನಡುವೆ ಬಾಯಿ ತೆರೆಯುತ್ತ ಬಿದ್ದಿರುತ್ತಿದ್ದವು. ಕೆಲವನ್ನು ಅವಳು ಮಡಿಲಲ್ಲಿ ಎತ್ತಿ ತಂದು ಕೆರೆಗೆ ಬಿಟ್ಟಳು. ಮರಿಯೊಂದನ್ನೂ ಅವಳು ಎಂದೂ ಕಾಣಲಿಲ್ಲ.

೧೯೪೬ರ ಆಷಾಢದಲ್ಲಿ ಬೆಂಗಳೂರಿನಿಂದ ದೊಡ್ಡ ಅಧಿಕಾರಿ ಬಂದರು. ಇನ್ನೂ ನಾಲ್ಕು ಕೆರೆಗೆ ಬಿಳಿಮೀನು ಬಿಡಬೇಕೋ, ಇದನ್ನೂ ನಿಲ್ಲಿಸಬೇಕೋ ಎಂದು ತೀರ್ಮಾನಿಸುವವರು ಅವರೇ. ಏರಿಯ ಮೇಲಿನ ಆಲದ ಮರದ ಕೆಳಗೆ ಕುರ್ಚಿ ಹಾಕಿದರು. ಅಪ್ಪಯ್ಯಣ್ಣ ಐದು ವರ್ಷದ ಸಿಟ್ಟನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದ. ನರಸಿಂಹಯ್ಯ ಮೀನುಗಳ ಅಳತೆ, ಬಂದ ದೊರೆಗಳ ಸಂಖ್ಯೆ ಓದಿದರು. ಆಮೇಲೆ, “ಈ ಹೆಣ್ಣುಮಗಳು ದಿನವೂ ನೋಡುತ್ತಾಳೆ. ಮೀನು ಚೆನ್ನಾಗಿ ಒಗ್ಗಿಕೊಂಡಿದೆ ಎಂಬುದಕ್ಕೆ ಇವಳೇ ಸಾಕ್ಷಿ,” ಎಂದು ದ್ಯಾವಮ್ಮನನ್ನು ಮುಂದೆ ಕರೆದರು.

ಅಧಿಕಾರಿ ಕೇಳಿದರು. “ಏನಮ್ಮ, ಈ ಮೀನು ಇಲ್ಲಿ ಚೆನ್ನಾಗಿದೆಯೇ? ಇನ್ನೂ ತಂದು ಬಿಡಬಹುದೇ?”

ದ್ಯಾವಮ್ಮ ನರಸಿಂಹಯ್ಯನವರ ಕಡೆ ನೋಡಿದಳು. ಅವರು ಮೆಲ್ಲಗೆ ತಲೆಯಾಡಿಸಿದರು. ಹೌದೆಂದರೆ ಸಾಕಿತ್ತು; ಕಾರ್ತಿಕದಲ್ಲಿ ಲಾರಿ ಹೊರಡುತ್ತಿತ್ತು. ಪಿಳ್ಳಪ್ಪನಿಗೂ ಅದು ಗೊತ್ತಿತ್ತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಟ್ಟಳು.

“ಬದುಕ್ತವೆ ಸ್ವಾಮಿ. ದಪ್ಪಾನೂ ಆಗ್ತವೆ,” ಅಂದಳು. “ಆದ್ರೆ ಮರಿ ಮಾಡಲ್ಲ. ಹೊಟ್ಟೆ ತುಂಬ ತತ್ತಿ ಇಟ್ಕೊಂಡು ಹಳ್ಳದಾಗೆ ಹತ್ತಿ ಹತ್ತಿ ಬೀಳ್ತವೆ. ಅವಕ್ಕೆ ಓಡೋ ನೀರು ಬೇಕು. ಇದರಾಗೆ ಇಲ್ಲ. ನೀವು ಎಷ್ಟು ತಂದ್ರೂ ಅಷ್ಟೇ, ತರ್ತಾನೇ ಇರಬೇಕು. ತರಬ್ಯಾಡಿ ಸ್ವಾಮಿ. ಅವನ್ನ ಅಲ್ಲೇ ಬಿಡಿ.”

ಅಪ್ಪಯ್ಯಣ್ಣ ಅವಳ ಕಡೆ ತಿರುಗಿ ನೋಡಿದ. ನರಸಿಂಹಯ್ಯ ಕಾಗದ ಮಡಿಚಿಟ್ಟು, ಹೋಗುವಾಗ ಅವಳ ಹತ್ತಿರ ನಿಂತರು. “ಒಂದು ಮಾತು ಬೇರೆ ಹೇಳಬಹುದಿತ್ತಲ್ಲಮ್ಮ,” ಅಂದರು. ಬಯ್ದಂತಿರಲಿಲ್ಲ. ಆಮೇಲೆ, “ನೀನು ಹೇಳಿದ್ದು ನನಗೂ ಕಂಡಿತ್ತು. ಬರೆಯುವ ಧೈರ್ಯ ಆಗಲಿಲ್ಲ,” ಅಂದರು.

ಮನೆಗೆ ಬಂದ ಮೇಲೆ ಪಿಳ್ಳಪ್ಪ ಕೇಳಿದ. “ಯಾಕೇ ಹಂಗಂದೆ? ಹೋಗ್ಬೋದಿತ್ತಲ್ಲ.”

ಅವಳು ಒಲೆ ಊದುತ್ತಿದ್ದಳು. “ಹೋಗ್ಬೋದಿತ್ತು,” ಅಂದಳು. ಹೊಗೆ ಕಣ್ಣಿಗೆ ಹೋಗಿತ್ತೋ ಏನೋ, ಬಹಳ ಹೊತ್ತು ಕಣ್ಣೊರೆಸಿಕೊಂಡಳು.

ಲಾರಿ ಮತ್ತೆ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಬಲೆಯ ತಡೆ ತೆಗೆದರು. ಊರವರು ಕೆರೆಗೆ ಇಳಿದರು. ಕೊರವ, ಪಕ್ಕೆಗಳ ಜೊತೆ ಬಿಳಿಮೀನುಗಳೂ ಸಿಕ್ಕಿದವು. ಪಾಪಕ್ಕ ಅದರ ಒಂದು ತುಂಡು ಸಾರು ಮಾಡಿ ಬಟ್ಟಲಲ್ಲಿ ತಂದುಕೊಟ್ಟಳು. ದ್ಯಾವಮ್ಮ ಮಕ್ಕಳಿಗೆ ಬಡಿಸಿದಳು, ತಾನು ತಿನ್ನಲಿಲ್ಲ. ಉಳಿದ ಕೆಲವು ಆ ವರ್ಷದ ಹಿಂಗಾರಿಗೆ ಕೆರೆ ತುಂಬಿ ಕೋಡಿ ಬಿದ್ದಾಗ ನೀರಿನ ಜೊತೆ ಹಾರಿ ಹೋದವು. ಕೋಡಿಯ ಬಾಯಲ್ಲಿ ನಿಂತು ನೋಡುತ್ತಿದ್ದ ಅವಳು ಗಂಡನನ್ನು ಕೇಳಿದಳು, “ಈ ನೀರು ನಮ್ಮ ಹೊಳೆಗೆ ಸೇರ್ತದಾ?”

“ಇಲ್ಲ ಕಣೇ. ಇದು ಪಿನಾಕಿನಿಗೆ ಹೋಗ್ತದೆ. ಅಲ್ಲಿಂದ ತಮಿಳು ಸೀಮೆಗೆ.”

“ಅದು ಓಡೋ ಹೊಳೇನಾ?”

“ಮಳೆಗಾಲದಾಗೆ ಓಡ್ತದೆ.”

ಅವಳು ತಲೆಯಾಡಿಸಿದಳು.

ಪಿಳ್ಳಪ್ಪ ಆ ವರ್ಷ, ಮಾರನೆಯ ವರ್ಷ, ಸುಗ್ಗಿ ಆಗಲಿ ನಿನ್ನ ತೌರಿಗೆ ಹೋಗೋಣ ಅನ್ನುತ್ತಲೇ ಇದ್ದ. ಕೊನೆಗೆ ೧೯೪೯ರ ಚೈತ್ರದಲ್ಲಿ ಅಣ್ಣನ ಮಗಳ ಮದುವೆಗೆ ಕರೆ ಬಂತು. ಮದ್ದೂರಿನವರೆಗೆ ರೈಲು, ಆಮೇಲೆ ಬಸ್ಸು, ಆಮೇಲೆ ನಡಿಗೆ. ಕಾಡು ಇಳಿಯುವಾಗಲೇ ಅವಳಿಗೆ ಸದ್ದು ಕೇಳಿಸಿತು. ಪಿಳ್ಳಪ್ಪನಿಗೆ ಕೇಳಿಸಲಿಲ್ಲ. ಅವಳು ಮನೆಗೂ ಹೋಗದೆ ಗಂಟು ಅವನ ಕೈಗೆ ಕೊಟ್ಟು ನೇರ ದಡಕ್ಕಿಳಿದಳು. ಬೇಸಿಗೆಯ ಹೊಳೆ, ಬಂಡೆಗಳ ನಡುವೆ ಸೀಳಿ ಸೀಳಿ ಹರಿಯುತ್ತಿತ್ತು. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ, ಹೊಸ ಮುಖ ನೋಡಿ, “ಯಾವೂರಮ್ಮ ನಿಮ್ದು?” ಎಂದಳು.

“ಸಮೇತನಹಳ್ಳಿ ಕಡೆ,” ಅಂದುಬಿಟ್ಟಳು ದ್ಯಾವಮ್ಮ.

ಅಂದ ಮೇಲೆ ಅದನ್ನು ತಿದ್ದಲು ಬಾಯಿ ತೆರೆದಳು. ಆ ಹೆಂಗಸು ಆಗಲೇ ಬಟ್ಟೆ ಹಿಂಡತೊಡಗಿದ್ದಳು. ದ್ಯಾವಮ್ಮ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ನಡೆದು, ಬಂಡೆಯೊಂದನ್ನು ಹಿಡಿದುಕೊಂಡು, ಮದುವೆಮನೆಯಿಂದ ಅಣ್ಣ ಬಂದು ಕೂಗುವವರೆಗೂ ಅಲ್ಲೇ ನಿಂತಿದ್ದಳು.