ಕೀ ಬಿಟ್ಟರೆ ನಿಲ್ಲುವ ಕಾರು

ಬೆಳಗಿನ ಆರು ಗಂಟೆ. ಶೆಡ್ಡಿನ ಬಾಗಿಲು ಅರ್ಧವಷ್ಟೇ ತೆರೆದಿದೆ. ಮೂವತ್ತು ವರ್ಷದ ಬಿಳಿ ಕಾರಿನ ಬಾನೆಟ್ ಎತ್ತಿ ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ನಿಂತಿದ್ದಾರೆ. ಒಳಗೆ ಕೂತ ನಿವೃತ್ತ ಶಿಕ್ಷಕಿ ಕೀ ತಿರುಗಿಸುತ್ತಾರೆ. ಎಂಜಿನ್ ಹತ್ತಿಕೊಳ್ಳುತ್ತದೆ, ಹತ್ತು ಎಣಿಸುವಷ್ಟರಲ್ಲಿ ಕೆಮ್ಮಿ ಕೆಮ್ಮಿ ನಿಲ್ಲುತ್ತದೆ.

“ಇನ್ನೊಂದ್ಸಲ, ಟೀಚರ್.”

ಮತ್ತೆ ಅದೇ ಕೆಮ್ಮು.

“ಹಸಿವು,” ಎಂದು ಮೇಸ್ತ್ರಿ, ಅವರ ಬಗ್ಗೆ ಬರೆಯಲು ಬಂದಿರುವ ನನ್ನ ಕಡೆ ತಿರುಗುತ್ತಾರೆ. “ನೋಡಿ, ಹಳೇ ಕಾರು ಎರಡು ಥರ ನಿಲ್ಲುತ್ತೆ. ಪೆಟ್ರೋಲ್ ಸಾಲದೆ ಇದ್ರೆ ಹೀಗೆ, ಸುಸ್ತಾಗಿ. ಕರೆಂಟ್ ಹೋದ್ರೆ ಮಾತಾಡ್ತಿರೋರ ಬಾಯಿ ಮುಚ್ಚಿದ ಹಾಗೆ, ಟಕ್ ಅಂತ.”

ಪೆಟ್ರೋಲ್ ಪಂಪಿಗೆ ಬರುವ ರಬ್ಬರ್ ಪೈಪನ್ನು ಬಿಚ್ಚಿ, ಬ್ಲೇಡಿನಲ್ಲಿ ಸೀಳಿ ತೋರಿಸುತ್ತಾರೆ. ಹೊರಗೆ ನೆಟ್ಟಗಿದೆ, ಒಳಗೆ ಉಬ್ಬಿ ಕಟ್ಟಿಕೊಂಡಿದೆ. ಹೊಸ ಪೈಪು ಹಾಕಿದ ಮೇಲೆ ಕಾರು ನಿಲ್ಲುವುದೇ ಇಲ್ಲ. ಇದಕ್ಕಾಗಿ ಬೇರೆ ಕಡೆ ಎರಡು ಸಲ ಬ್ಯಾಟರಿ ಬದಲಿಸಿಕೊಂಡು ಬಂದಿದ್ದ ಟೀಚರ್ ಮುಖ ನೋಡಬೇಕು!

ಐವತ್ತೇಳು ವರ್ಷದ ಈ ಮೇಸ್ತ್ರಿಯನ್ನು ಬೀದಿಯವರು ಕರೆಯುವುದು ‘ಕಿವಿ ಮೇಸ್ತ್ರಿ’ ಎಂದೇ. ಈ ಕೆಲಸಕ್ಕೆ ಕೈಹಾಕಿ ಮೂವತ್ತೈದು ವರ್ಷವಾಯಿತು. ಹಿಂದೆ ದಿನಕ್ಕೆ ಎಂಟು ಕಾರು ಬರುತ್ತಿದ್ದವು, ಈಗ ವಾರಕ್ಕೆ ನಾಲ್ಕು ಬಂದರೆ ಹೆಚ್ಚು. ಹೊಸ ಕಾರುಗಳ ಕಾಯಿಲೆಯನ್ನು ಕಂಪ್ಯೂಟರೇ ಹೇಳಿಬಿಡುತ್ತದೆ.

“ಊರಿನ ಎಂಜಿನ್ನೆಲ್ಲಾ ಕೇಳಿಸುತ್ತೆ ಇವರಿಗೆ. ನಾನು ಕರೆದ್ರೆ ಮಾತ್ರ ಕೇಳಿಸಲ್ಲ,” ಎಂದು ಚಹಾ ತಂದಿಟ್ಟ ಹೆಂಡತಿ ಚುಚ್ಚುತ್ತಾರೆ.

ನಾನೂ ಒಂದೆರಡು ಮಾತು ಹೊಗಳುತ್ತೇನೆ. ಮೇಸ್ತ್ರಿಯ ಮುಖ ಸಪ್ಪಗಾಗುತ್ತದೆ. “ಈ ಕಿವಿ ನಂದಲ್ಲ, ಅಣ್ಣಂದು.”

ಶೆಡ್ಡು ಹಾಕಿದ್ದು, ಕೆಲಸ ಕಲಿಸಿದ್ದು ಅಣ್ಣ. ಹನ್ನೊಂದು ವರ್ಷದ ಹಿಂದೆ ಒಂದು ಕಾರು ಬಂತು. ಕೀ ತಿರುಗಿಸಿ ಹಿಡಿದಿರುವಷ್ಟು ಹೊತ್ತು ಓಡುತ್ತಿತ್ತು, ಬಿಟ್ಟ ಕೂಡಲೇ ನಿಲ್ಲುತ್ತಿತ್ತು. ಕರೆಂಟಿನ ದೋಷ ಎಂದರು ಅಣ್ಣ. ಅಲ್ಲ, ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬ್ಯುರೇಟರಿನದು ಎಂದು ತಮ್ಮನ ಹಟ. ಗಿರಾಕಿಗಳ ಎದುರೇ ನಾಲಿಗೆ ಜಾರಿತು: “ಕಣ್ಣು ಮಂಜಾಯ್ತು, ಈಗ ಕಿವೀನೂ ಹೋಯ್ತಾ ಅಣ್ಣ?” ಎಲ್ಲರೂ ನಕ್ಕರು. ಕೈ ಒರೆಸಿಕೊಂಡು ಹೊರಟ ಅಣ್ಣ ಮತ್ತೆ ಶೆಡ್ಡಿಗೆ ಕಾಲಿಡಲಿಲ್ಲ.

“ಮೂರು ದಿನ ಕಾರ್ಬ್ಯುರೇಟರ್ ಬಿಚ್ಚಿ ತೊಳ್ದೆ, ಏನೂ ಆಗ್ಲಿಲ್ಲ. ನಾಲ್ಕನೇ ದಿನ ನೋಡ್ತೀನಿ, ಕಿಡಿ ಹಾರಿಸೋ ಕಾಯಿಲ್‌ಗೆ ಕರೆಂಟ್ ಕೊಡೋ ರೆಸಿಸ್ಟರ್ ಸುಟ್ಟಿದೆ. ಬೆರಳುದ್ದದ ತುಂಡು ಅಷ್ಟೇ. ಅದನ್ನ ಬದಲಾಯಿಸಿ, ಗಿರಾಕಿಗೆ ಕಾರ್ಬ್ಯುರೇಟರ್‌ದೇ ತಪ್ಪು ಅಂತ ಹೇಳ್ಬಿಟ್ಟೆ. ಅಣ್ಣಂಗೆ ಇವತ್ತಿನವರೆಗೂ ನಿಜ ಹೇಳಿಲ್ಲ.”

ಅಣ್ಣನ ಮನೆ ಹಿಂದಿನ ಬೀದಿಯಲ್ಲೇ ಇದೆ. ಓರಗಿತ್ತಿಯರು ಮಾತಾಡುತ್ತಾರೆ, ಅಣ್ಣತಮ್ಮಂದಿರು ಮುಖ ನೋಡುವುದಿಲ್ಲ. ಹೀಗೆ ಹೇಳುತ್ತಿರುವಾಗಲೇ ಗೋಡೆಯಾಚೆ ಒಂದು ಕಾರು ಶುರುವಾಗಿ ಟಕ್ಕನೆ ನಿಲ್ಲುತ್ತದೆ. ಮೇಸ್ತ್ರಿ ಸ್ಪ್ಯಾನರ್ ಕೆಳಗಿಡುತ್ತಾರೆ.

“ಅಣ್ಣನ ಕಾರು. ಮೂರು ವಾರದಿಂದ ದಿನಾ ಹೀಗೇ. ಅದೇ ದೋಷ.” ಜೇಬಿನಿಂದ ಹೊಸ ರೆಸಿಸ್ಟರ್ ತೆಗೆದು ತೋರಿಸಿ ಮತ್ತೆ ಒಳಗಿಡುತ್ತಾರೆ. “ಐದು ನಿಮಿಷದ ಕೆಲಸ. ಆದ್ರೆ ಯಾವ ಮುಖ ಇಟ್ಕೊಂಡು ಹೋಗ್ಲಿ? ಅಣ್ಣ ಒಂದ್ಸಲ ಕರೆದ್ರೆ ಸಾಕು, ಓಡಿ ಹೋಗ್ತೀನಿ.”

ನನ್ನದು ಮೊದಲೇ ಸುಮ್ಮನಿರದ ಸ್ವಭಾವ. ನೇರ ಹಿಂದಿನ ಬೀದಿಗೆ ಹೋಗುತ್ತೇನೆ. ಎಪ್ಪತ್ತು ದಾಟಿದ ಅಣ್ಣ ಇನ್ನೂ ಕಾರಿನಲ್ಲೇ ಕೂತಿದ್ದಾರೆ. ಕಾರಿಗೆ ಏನಾಗಿದೆ ಎಂದು ಕೇಳಿದರೆ, ರೆಸಿಸ್ಟರ್ ಹೋಗಿದೆ ಎಂದು ಥಟ್ಟನೆ ಹೇಳುತ್ತಾರೆ. ಹೊಸದೊಂದು ಪಕ್ಕದ ಸೀಟಿನ ಮೇಲೇ ಬಿದ್ದಿದೆ.

“ಮತ್ತೆ ಯಾಕೆ ಹಾಕಿಲ್ಲ?”

“ಹಾಕಿದ್ರೆ ಕಾರು ನಿಲ್ಲಲ್ವಲ್ಲ. ಇದು ನಿಲ್ಲೋದು ಅವನಿಗೆ ಕೇಳಿಸಿರುತ್ತೆ. ಕಲಿಸಿದೋನು ನಾನು, ನಂಗೊತ್ತಿಲ್ವಾ?”

“ನಾನೇ ಹೋಗಿ ಕರೆದುಕೊಂಡು ಬರಲೇ, ಸರ್?”

ಅವರು ಕೀ ಮೇಲಿನ ಕೈ ತೆಗೆಯುವುದಿಲ್ಲ.

“ಬೇಡಮ್ಮ. ಅವನಾಗೇ ಬರ್ಲಿ. ಕರೆಯೋದೇ ಆಗಿದ್ರೆ ಹನ್ನೊಂದು ವರ್ಷ ಯಾಕೆ ಕಾಯ್ತಿದ್ದೆ?”