ಅಕ್ಕಿಯ ತಾಟಿನಲ್ಲಿ ಬರೆದ ಹೆಸರು

ಬೆಲ್ಲದ ಬಾಗೇವಾಡಿಯ ಜಿನ್ನವ್ವನಿಗೆ ಸಿಟ್ಟು ಬಂದರೆ ಬಾಯಿ ಕಟ್ಟುತ್ತಿತ್ತು, ಖುಷಿಯಾದರೆ ಕೈಕಾಲು ನಿಲ್ಲುತ್ತಿರಲಿಲ್ಲ. ಸೊಸೆ ಹುಕ್ಕೇರಿಯ ಕಾಲೇಜಿಗೆ ಹೋಗತೊಡಗಿದ ವರ್ಷ ಆಕೆ ಕೂತದ್ದನ್ನು ಓಣಿಯವರು ಕಂಡಿಲ್ಲ. ಗಂಡ ತೀರಿಕೊಂಡ ಮೇಲೆ ಹೊಲ, ಎಮ್ಮೆ, ಮಗ ನೇಮಣ್ಣ, ಇಷ್ಟೇ ಲೋಕವಾಗಿದ್ದ ಆಕೆಗೆ ಈಗ ಬಸ್ಸಿನ ವೇಳೆ ಗೊತ್ತು, ಯಾವ ಮಾಸ್ತರರು ಏನು ಕಲಿಸುತ್ತಾರೆಂಬುದು ಗೊತ್ತು. ರೊಟ್ಟಿ ಬಡಿಯುತ್ತಲೇ "ಇತಿಹಾಸದ ಪಾಠ ಎಲ್ಲೀತನಕ ಬಂತು?" ಎಂದು ಕೇಳುತ್ತಿದ್ದಳು.

ಸೊಸೆಯನ್ನು ಕಾಲೇಜಿಗೆ ಕಳಿಸುವ ಮಾತು ಎತ್ತಿದವಳೂ ಆಕೆಯೇ. ಮದುವೆಯಾದ ಹೊಸತರಲ್ಲಿ ಅತ್ತೆ ಸೊಸೆ ಇಬ್ಬರೂ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದರು. ಸೊಸೆ ತಗ್ಗಿದ ದನಿಯಲ್ಲಿ, "ಗಡಹಿಂಗ್ಲಜದಾಗ ಹನ್ನೆರಡನೇ ಇಯತ್ತೆ ಮುಗಸೀನ್ರಿ ಅತ್ತಿ. ಮುಂದ ಕಲೀಬೇಕಂತ ಭಾಳ ಇತ್ತು," ಎಂದಳು.

ಜಿನ್ನವ್ವ ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಗೆ ಎಸೆದಳು. "ಇತ್ತು ಅಂತ ಯಾಕಂತಿ? ಐತಿ ಅನ್ನು."

ನೇಮಣ್ಣನೂ ಅಡ್ಡ ಮಾತಾಡಲಿಲ್ಲ. ತೊಂಬತ್ತೇಳನೆಯ ಇಸವಿಯ ಜೂನಿನಲ್ಲಿ ಹೆಂಡತಿಯನ್ನು ಲೂನಾದ ಹಿಂದೆ ಕೂರಿಸಿಕೊಂಡು ಹೋಗಿ ಬಿ.ಎ. ಮೊದಲ ವರ್ಷಕ್ಕೆ ಹೆಸರು ಹಚ್ಚಿ ಬಂದ. ಅರ್ಜಿಯನ್ನು ತಾನೇ ತುಂಬಿದ, ಅಕ್ಷರ ದುಂಡಗಿವೆ ಎಂಬ ಹೆಮ್ಮೆಯಿಂದ.

ಮಾರ್ಚಿ ತಿಂಗಳಲ್ಲಿ, ಪರೀಕ್ಷೆ ಹತ್ತಿರ ಬಂದಾಗ, ಸೊಸೆ ಬಸ್ಸಿನಿಂದ ಇಳಿದವಳು ಸೆರಗಿನಿಂದ ಮುಖ ಮುಚ್ಚಿಕೊಂಡೇ ಮನೆಗೆ ಬಂದಳು.

"ಪರೀಕ್ಷಾಕ್ಕ ಕೂಡ್ರಸಬ್ಯಾಡ್ರಿ ಅಂತ ಯುನಿವರ್ಸಿಟಿಯಿಂದ ಬಂದೈತ್ರಿ ಅತ್ತಿ. ನಾ ಯಾರದೋ ಮಾರ್ಕ್ಸ್ ಕಾರ್ಡ್ ತಂದು ಕಾಲೇಜು ಸೇರೀನಂತ. ಪೊಲೀಸರ ತನಕಾನೂ ಹೋಗಬಹುದಂತ."

ಜಿನ್ನವ್ವನ ಬಾಯಿ ಕಟ್ಟಿತು. ಮರುದಿನ ಮೊದಲ ಬಸ್ಸಿಗೆ ಅತ್ತೆ ಸೊಸೆ ಇಬ್ಬರೂ ಹುಕ್ಕೇರಿಗೆ ಹೋದರು.

ಕಾಲೇಜಿನ ಕ್ಲಾರ್ಕ್ ರಾಜಪ್ಪ ಎರಡು ಕಾಗದಗಳನ್ನು ಮೇಜಿನ ಮೇಲೆ ಪಕ್ಕಪಕ್ಕಕ್ಕೆ ಇಟ್ಟ. ಗಡಹಿಂಗ್ಲಜದ ಮಾರ್ಕ್ಸ್ ಕಾರ್ಡಿನಲ್ಲಿ ತ್ರಿಶಲಾ ಬಾಹುಬಲಿ ಮಗದುಮ್ ಎಂದಿತ್ತು. ನೇಮಣ್ಣ ತುಂಬಿದ ಅರ್ಜಿಯಲ್ಲಿ, ದುಂಡಗಿನ ಅಕ್ಷರದಲ್ಲಿ, ದೀಪಾಲಿ ನೇಮಣ್ಣ ಚೌಗಲಾ ಎಂದಿತ್ತು.

"ಈಗ ಹೇಳ್ರಿ," ಎಂದ ರಾಜಪ್ಪ. "ಕಲಿತಾಕಿ ತ್ರಿಶಲಾ. ಕ್ಲಾಸಿನ್ಯಾಗ ಕೂಡಾಕಿ ದೀಪಾಲಿ. ಇಬ್ಬರಾಗ ಯಾರ ಪರೀಕ್ಷಾ ತೊಗೋಬೇಕು?"

"ಇಬ್ಬರೆಲ್ಲಿ ಅದಾರು? ಈಕಿನ ಆಕಿ." ಜಿನ್ನವ್ವನ ಕಟ್ಟಿದ ಬಾಯಿಂದ ಇಷ್ಟೇ ಹೊರಟಿತು.

ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವುದು ಆ ಸೀಮೆಯ ಜೈನರ ಮನೆಗಳಲ್ಲಿ ಮೊದಲಿನಿಂದ ಬಂದ ಪದ್ಧತಿ. ಬಸದಿಯ ಉಪಾಧ್ಯೆಯವರು ಪಂಚಾಂಗ ನೋಡಿ ಅಕ್ಷರ ತೆಗೆದು ಕೊಡುತ್ತಾರೆ, ಅತ್ತೆ ಹೆಸರು ಆರಿಸುತ್ತಾಳೆ. ಅಂದಿನಿಂದ ತವರಿನ ಹೆಸರು ತವರಿಗೆ. ನೇಮಣ್ಣನ ಮದುವೆಯಲ್ಲಿ 'ದ' ಅಕ್ಷರ ಬಂದಿತ್ತು, ಜಿನ್ನವ್ವ ದೀಪಾಲಿ ಎಂದಿದ್ದಳು. ರೇಷನ್ ಕಾರ್ಡಿನಲ್ಲಿ ಅದೇ ಹತ್ತಿತು. ಹುಡುಗಿ ಹುಟ್ಟಿದ್ದು ಮನೆಯಲ್ಲಿ, ಹುಟ್ಟಿದ ದಾಖಲೆ ಇಲ್ಲ. ಮದುವೆಯನ್ನೂ ಎಲ್ಲಿಯೂ ಬರೆಸಿರಲಿಲ್ಲ. ಹೀಗಾಗಿ ತ್ರಿಶಲಾ ಓದಿದವಳು, ಆದರೆ ಈಗ ಎಲ್ಲಿಯೂ ಇಲ್ಲ. ದೀಪಾಲಿ ಇದ್ದಾಳೆ, ಆದರೆ ಒಂದು ಇಯತ್ತೆಯನ್ನೂ ಓದಿಲ್ಲ. ಮೇಜಿನ ಮುಂದೆ ಕಣ್ಣು ಕೆಂಪಗೆ ಮಾಡಿಕೊಂಡು ನಿಂತ ಹುಡುಗಿ ಇಬ್ಬರಲ್ಲಿ ಯಾರೆಂದು ಹೇಳುವ ಕಾಗದ ಊರಿನಲ್ಲೇ ಇರಲಿಲ್ಲ.

ಮಾತು ಕೇಳಿ ಪ್ರಾಚಾರ್ಯ ಈಶ್ವರ ಹಿರೇಮಠರು ತಮ್ಮ ಖೋಲಿಯಿಂದ ಹೊರಗೆ ಬಂದರು. ಎಲ್ಲವನ್ನೂ ನಿಂತೇ ಕೇಳಿ, ಮೊದಲು ಹುಡುಗಿಯ ಕಡೆ ತಿರುಗಿದರು.

"ನಿನಗ ಈಗ ಯಾವ ಕ್ಲಾಸು?"

"ಕನ್ನಡ್ರಿ."

"ಹೋಗಿ ಕೂಡು. ಇದು ಮುಗಿಯೂ ತನಕ ಒಂದು ಪಾಠಾನೂ ತಪ್ಪಿಸಂಗಿಲ್ಲ." ರಾಜಪ್ಪನಿಗೆ ಹೇಳಿದರು: "ಹಾಜರಿಯೊಳಗಿಂದ ಈಕಿ ಹೆಸರು ಹೊಡೀಬ್ಯಾಡ. ವಿಚಾರಣಾ ಅಂತ ಯಾರರ ಬಂದ್ರ ಸೀದಾ ನನ್ನ ಖೋಲಿಗೆ ಕಳಸು, ಕ್ಲಾಸಿಗೆ ಅಲ್ಲ. ಈಕಿ ನಮ್ಮ ಕಾಲೇಜಿನ ಹುಡುಗಿ."

ಜಿನ್ನವ್ವನಿಗೆ ಆ ಮಾತಿನಿಂದ ಬಾಯಿ ಬಂತು. ಸರ್ ಆಕೆಯನ್ನು ಒಳಗೆ ಕರೆದು ಕುರ್ಚಿ ಕೊಟ್ಟರು.

"ಹೆಸರು ಬದಲ ಮಾಡಿದ್ದಕ್ಕ ಏನರ ಆಧಾರ ಐತೇನ್ರಿ ಅವ್ವಾರ?"

"ಯಾಕಿಲ್ರಿ? ಬರದದ್ದ ಐತಿ."

ಸರ್ ಮುಖ ಅರಳಿತು. "ಎದರಾಗ ಬರದೀರಿ?"

"ಅಕ್ಕ್ಯಾಗ್ರಿ. ತಾಟಿನ ತುಂಬ ಅಕ್ಕಿ ಹರವಿ, ಉಂಗುರಲೆ ನನ್ನ ಮಗ ಬರದಾನ. ಮಂದಿ ಎಲ್ಲಾ ನೋಡ್ಯಾರ."

"ಆ ಅಕ್ಕಿ ಎಲ್ಲಿ ಅದಾವು?"

"ಖೀರು ಮಾಡಿ ಉಂಡ್ವಿರಿ."

ಹಿಂದೆ ಬಂದು ನಿಂತಿದ್ದ ರಾಜಪ್ಪ ಬಾಗಿಲ ಕಡೆ ಮುಖ ಮಾಡಿಕೊಂಡ, ಅವನ ಹೆಗಲು ಕುಣಿಯುತ್ತಿದ್ದವು. ಸರ್ ಸಹ ತುಟಿ ಬಿಗಿಹಿಡಿದರು. ಆದರೆ ಸ್ವಲ್ಪ ಹೊತ್ತಿಗೆ ಅವರ ಕಣ್ಣಿನಲ್ಲಿ ಬೇರೆಯೇ ಒಂದು ಬೆಳಕು ಕಂಡಿತು.

"ಯಾರ‍್ಯಾರು ಉಂಡ್ರಿ?"

"ಏನಂದ್ರಿ?"

"ಖೀರು ಯಾರ‍್ಯಾರು ಉಂಡ್ರು? ಬರದದ್ದು ಹೋಗೇತಿ, ನೋಡಿದವರು ಅದಾರಲ್ಲ. ಅವರನ್ನ ಕರಕೊಂಡು ಬರ್ರಿ. ಒಬ್ಬೊಬ್ಬರದೂ ಹೇಳಿಕಿ ಬರಸೋಣು, ನೋಟರಿ ಮುಂದ ಸಹಿ ಮಾಡಸೋಣು. ನಾನ ಯುನಿವರ್ಸಿಟಿಗೆ ತೊಗೊಂಡು ಹೋಗ್ತೇನಿ."

ಜಿನ್ನವ್ವ ಕುರ್ಚಿಯಿಂದ ಎದ್ದಾಗಿತ್ತು. ಆ ಸಂಜೆ ಬಾಗೇವಾಡಿಯಲ್ಲಿ ಆಕೆ ಹತ್ತದ ಕಟ್ಟೆ ಇಲ್ಲ. "ನಮ್ಮ ನೇಮಣ್ಣನ ಮದುವ್ಯಾಗ ಖೀರು ಉಂಡೀರಿಲ್ಲೋ? ಉಂಡಿದ್ರ ನಾಳಿ ಹುಕ್ಕೇರಿಗೆ ಬರಬೇಕು." ಉಂಡದ್ದಕ್ಕೆ ಲೆಕ್ಕ ಕೇಳಲು ಬಂದಳೇ ಎಂದು ಕೆಲವರು ಗಾಬರಿಯಾದರು. ಬಾಜೂ ಮನೆಯ ಶಿವವ್ವ ಮಾತ್ರ ವಿಷಯ ತಿಳಿದ ಕೂಡಲೇ ಸೀರೆ ಹುಡುಕತೊಡಗಿದಳು.

"ನಾ ಎರಡು ಸಲ ಹಾಕಿಸಿಕೊಂಡು ಉಂಡೀನಿ ಜಿನ್ನವ್ವ. ಎರಡು ಸಹಿ ಮಾಡಲೇನು?"

"ಒಂದನ್ನ ನೆಟ್ಟಗ ಮಾಡು, ಸಾಕು."

ಪಂಚಾಯತಿಯ ಹಳೆಯ ಸದಸ್ಯ ಶಿದ್ರಾಮ, "ಉಪ್ಪಿನಕಾಯಿ ಉಂಡವರ ಸಾಕ್ಷಿ ನಡ್ಯಾಂಗಿಲ್ಲೇನು? ನನಗ ಅವತ್ತ ಖೀರು ಮುಟ್ಟಲಿಲ್ಲ," ಎಂದು ಹಳೆಯ ಮುನಿಸು ತೆಗೆದ. ಹೆಸರು ಬರೆಯುವುದನ್ನು ನೋಡಿದ್ದರೆ ಸಾಕೆಂದು ಹೇಳಿ ಮರುದಿನ ಅವನನ್ನೂ ಟೆಂಪೋ ಹತ್ತಿಸಿಕೊಂಡರು. ಉಪಾಧ್ಯೆಯವರು ಪಂಚಾಂಗ ಬಗಲಿಗೆ ಹಿಡಿದು ಬಂದರು. ನೇಮಣ್ಣ ಎಲ್ಲರಿಗಿಂತ ಹಿಂದೆ ಕೂತ. ಅರ್ಜಿ ತುಂಬಿದ ಗಂಡ ಎಂದು ಟೆಂಪೋದಲ್ಲಿ ದಾರಿಯುದ್ದಕ್ಕೂ ಅವನನ್ನು ಕಾಡಿದರು.

ಹೇಳಿಕೆಗಳು ಮುಗಿದ ಮೇಲೆ ಈಶ್ವರ ಸರ್, ಅತ್ತೆ, ಸೊಸೆ ಮೂವರೂ ಧಾರವಾಡಕ್ಕೆ ಹೋದರು. ಯುನಿವರ್ಸಿಟಿಯ ಮೆಟ್ಟಿಲುಗಳನ್ನು ಜಿನ್ನವ್ವ ಸೆರಗು ಸಿಗಿಸಿಕೊಂಡು ಸರಸರ ಏರಿದಳು. ಮೇಲೆ ನಿಂತು ಸರ್ ಅವರಿಗಾಗಿ ಕಾಯಬೇಕಾಯಿತು.

ಪರೀಕ್ಷಾ ವಿಭಾಗದಲ್ಲಿದ್ದವರು ಒಬ್ಬರು ಮೇಡಂ. ಹೇಳಿಕೆಗಳನ್ನು ಒಂದೊಂದೇ ಓದುತ್ತ ಹೋದರು. ಶಿವವ್ವನದು ಓದುವಾಗ ನಗು ತಡೆಯಲಾಗದೆ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹುಡುಗಿಗೆ ಗಡಹಿಂಗ್ಲಜದ ಸಾಲಿಯ ಬಗ್ಗೆ ಕೇಳಿದರು, ಒಂದು ಹಾಳೆ ಕೊಟ್ಟು ಹಳೆಯ ಸಹಿ, ಹೊಸ ಸಹಿ ಎರಡೂ ಮಾಡಿಸಿ ನೋಡಿದರು.

"ಹಿಂಗ ಮದುವಿಯಾಗಿ ಹೆಸರು ಬದಲಾದ ಹುಡುಗ್ಯಾರ ಅರ್ಜಿ ಇನ್ನೂ ಅದಾವು ಸರ್," ಎಂದರು ಮೇಡಂ. "ಎಲ್ಲಾರನ್ನೂ ಕಳ್ಳರಂತ ತಿಳ್ಕೊಂಡು ಕೂತ್ರ ಹೆಂಗ? ಪರೀಕ್ಷಾಕ್ಕ ಕೂಡಲಿ. ಉಳಿದ ಕಾಗದ ಆಮ್ಯಾಲೆ ಕೂಡಸೋಣು. ಹಾಲ್ ಟಿಕೆಟ್ ಮ್ಯಾಲ 'ಉರ್ಫ್' ಅಂತ ಹಾಕಿ ಎರಡೂ ಹೆಸರು ಬರದು ಕೊಡ್ತೇನಿ."

ಉರ್ಫ್ ಎಂದ ಕೂಡಲೇ ಜಿನ್ನವ್ವ ಸೆಟೆದು ನಿಂತಳು. "ಉರ್ಫ್ ಬ್ಯಾಡ್ರಿ. ಠಾಣೇದ ಗ್ವಾಡಿಗಿ ಫೋಟೋ ಹಚ್ಚಿರತಾರಲ್ರಿ, ಅವರಿಗಿ ಬರಿಯೂದು ಅದು. ನನ್ನ ಸೊಸಿ ಏನು ದರೋಡಿ ಮಾಡ್ಯಾಳು?"

"ಹೊಲದ ಉತಾರದ ಕಾಗದದಾಗೂ ಬರೀತಾರ್ರಿ ಅವ್ವಾರ," ಎಂದರು ಸರ್. "ಒಬ್ಬರಿಗೆ ಎರಡು ಹೆಸರಿದ್ರ ಎರಡೂ ಖರೆ ಅಂತ ಅದರರ್ಥ."

"ಎರಡೂ ಖರೆ ಅಂತನ?"

"ಎರಡೂ ಖರೆ."

ಜಿನ್ನವ್ವ ಸೊಸೆಯ ಮುಖ ನೋಡಿದಳು. ದೀಪಾಲಿ ಆಕೆ ಆಸೆಪಟ್ಟು ಆರಿಸಿದ ಹೆಸರು. ಆದರೆ ಮಾರ್ಕ್ಸ್ ಕಾರ್ಡಿನ ಮೇಲೆ, ತ್ರಿಶಲಾ ಎಂದಿದ್ದ ಜಾಗದಲ್ಲಿ, ಸೊಸೆಯ ಬೆರಳು ಇತ್ತು.

"ಹಂಗಾದ್ರ ತ್ರಿಶಲಾನ ಮೊದಲ ಬರೀರಿ," ಎಂದಳು ಜಿನ್ನವ್ವ. "ಕಲಿತಾಕಿ ಆಕಿ. ನಾ ಇಟ್ಟದ್ದು ಹಿಂದ ಬರ್ಲಿ."

ಅತ್ತೆಯ ಹೇಳಿಕೆಯೊಂದು ಉಳಿದಿತ್ತು. ಮೇಡಂ ಪೆನ್ನು ಕೊಟ್ಟರು. ಜಿನ್ನವ್ವ ಕಾಗದದ ಮೇಲೆ ಬಾಗಿ ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ಪೆನ್ನು ಮರಳಿ ಕೊಡಲು ಹೋದವಳು ತಡೆದಳು.

"ನನಗೂ ತವರಮನಿ ಹೆಸರು ಬ್ಯಾರೆ ಇತ್ರಿ. ಹೌಸವ್ವ ಅಂತಿದ್ರು. ಈಗ ಅನ್ನಾವರು ಯಾರೂ ಉಳದಿಲ್ಲ. ಬರದ್ರ ನಡೀತೇತೇನ್ರಿ?"

ಮೇಡಂ ಕಾಗದವನ್ನು ಆಕೆಯ ಕಡೆ ಸರಿಸಿದರು. "ಜಾಗ ಐತಿ, ಬರೀರಿ. ಉರ್ಫ್ ನಾ ಹಾಕಿ ಕೊಡ್ತೇನಿ."

ಸೊಸೆ ಆ ಹೆಸರನ್ನು ಅದೇ ಮೊದಲ ಸಲ ಕೇಳಿದ್ದು. ಮರಳುವ ಬಸ್ಸಿನಲ್ಲಿ ಒಮ್ಮೆ "ಹೌಸವ್ವಾರ" ಎಂದು ಕರೆದು ನೋಡಿದಳು. ಜಿನ್ನವ್ವ ಸೊಸೆಯ ತೊಡೆಗೆ ಒಂದು ಏಟು ಕೊಟ್ಟು ಕಿಸಕ್ಕನೆ ನಕ್ಕಳು.

ಪರೀಕ್ಷೆಯ ದಿನ ಕಾಲೇಜಿನ ಗೋಡೆಯ ನೆರಳಿನಲ್ಲಿ ಜಿನ್ನವ್ವ ನಿಂತೇ ಇದ್ದಳು. ಕೂತುಕೊಳ್ಳಿರಿ ಎಂದು ರಾಜಪ್ಪ ಸ್ಟೂಲು ತಂದಿಟ್ಟರೂ ಕೂರಲಿಲ್ಲ. ಕೊನೆಯ ಗಂಟೆ ಬಾರಿಸಿದಾಗ ತ್ರಿಶಲಾ ಹುಡುಗಿಯರ ಗುಂಪಿನ ಮುಂದೆಯೇ ಓಡಿಬಂದಳು. ಬೆರಳ ತುದಿಗೆಲ್ಲ ಶಾಯಿ.

"ಸಹಿ ಮಾಡೂ ಖಾನೇದಾಗ ನನ್ನ ಹೆಸರು ಹಿಡೀಲಿಲ್ರಿ ಅತ್ತಿ. ಉರ್ಫ್ ಬರೂದ್ರಾಗ ಬಾಜೂಕಿನ ಖಾನೇಕ್ಕ ಹೋತು. ಬಾಜೂಕಿನ ಹುಡುಗಿ ಜಗಳಕ್ಕ ಬಂದ್ಲು."

"ಹೆಸರು ಹೋಗ್ಲಿ ಬಿಡು. ಉತ್ತರ ಹಿಡದ್ವಿಲ್ಲೋ?"

"ಇಲ್ರಿ. ಅವಕ್ಕೂ ಹಾಳಿ ಸಾಲಲಿಲ್ಲ. ಮತ್ತ ಇಸಕೊಂಡ್ನಿ."

"ನಾಳೇದು ಯಾವುದು?" ಎಂದು ಕೇಳುತ್ತಲೇ ಜಿನ್ನವ್ವ ಬಸ್ ನಿಲ್ದಾಣದ ಕಡೆ ಅರ್ಧ ದಾರಿ ಹೋಗಿಯಾಗಿತ್ತು.