ಎರ್ಲಿಂದಾಳ ಮಂಡಿಯೂ ಅತ್ತೆಯ ಸಾಲಡ್ಡೂ

ವೆರಾಕ್ರೂಸ್ ಬಂದರಿನ ಚೌಕದಲ್ಲಿ ಶನಿವಾರ ಸಂಜೆ ಕುಣಿಯಲು ಬರುವ ಗಂಡಸರ ಬಿಳಿ ಅಂಗಿ ಗರಿಗರಿಯಾಗಿದ್ದರೆ ಅದು ಎರ್ಲಿಂದಾಳ ಕೈಗುಣ. ಹದಿನಾರು ವರ್ಷ ಇಸ್ತ್ರಿ ಮಾಡಿಯೇ ಸಂಸಾರ ತೂಗಿಸಿದವಳು. ಅಂಥವಳ ಬಲಮಂಡಿ ಒಂದು ಬೆಳಿಗ್ಗೆ ಪಪ್ಪಾಯಿಯ ಹಾಗೆ ಊದಿಕೊಂಡಿತು, ಕಣ್ಣೂ ಕೆಂಪಗಾಯಿತು.

ಬೀದಿಯವರೆಲ್ಲ ಗೌರವದಿಂದ ದೋನ್ಯಾ ಎನ್ನುವ ಅತ್ತೆ ತೊಮಾಸಾಗೆ ಡಾಕ್ಟರು ಗೀಕ್ಟರು ಬೇಕಿರಲಿಲ್ಲ.

"ಇಸ್ತ್ರಿ ಮಾಡಿದ ಬಿಸಿ ಕೈಲಿ ಫ್ರಿಜ್ಜು ತೆಗೆದಿದ್ದೀಯ. ನಿಜ ಹೇಳೇ!"

"ಒಂದು ಲೋಟ ನೀರಿಗೆ ಅತ್ತೆ..."

"ನೋಡಿದ್ಯಾ! ತಂಡಿ ಕೈಯಿಂದ ಹೊಕ್ಕು ಮಂಡೀಲಿ ಕೂತಿದೆ. ಇನ್ನು ಇಸ್ತ್ರಿಪೆಟ್ಟಿಗೆ ಮುಟ್ಟು, ನಿನ್ನ ಕಾಲು ಮುರೀತೀನಿ!"

ಯಾವ ಕಾಲು ಎಂದು ಹೇಳಲಿಲ್ಲ. ಪೆಟ್ಟಿಗೆಯನ್ನು ಕಪಾಟಿಗೆ ಸೇರಿಸಿ ಬೀಗ ಜಡಿದಳು. ಬೀದಿಗೆ ಬೀದಿಯೇ ಹೌದೌದೆಂದಿತು. ಎರ್ಲಿಂದಾ ತಾನೂ ನಂಬಿದಳು. ಇಸ್ತ್ರಿಯೇ ಹೋದಮೇಲೆ ತಾನಿನ್ನು ಯಾವ ಕೆಲಸಕ್ಕೆ ಬಂದೇನೆಂದು ದಿಂಬಿಗೆ ಮುಖವಿಟ್ಟು ಅತ್ತಳು.

ವಾರವಾದರೂ ಊತ ಇಳಿಯದಿದ್ದಾಗ ಅತ್ತೆಯೇ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ಮಂಡಿ ಒತ್ತಿ ನೋಡಿ ಕೇಳಿದಳು, "ಹೋದ ತಿಂಗಳು ಹೊಟ್ಟೆ ಕೆಟ್ಟಿತ್ತಾ?"

ಎರ್ಲಿಂದಾ ಸೂರು ನೋಡಿದಳು. ಕೆಟ್ಟಿತ್ತು, ಹೇಗೆ ಕೆಟ್ಟಿತ್ತು ಅಂತೀರಿ! ನಾದಿನಿಯ ಮಗುವಿಗೆ ಚರ್ಚಿನಲ್ಲಿ ಜ್ಞಾನಸ್ನಾನವಾದ ದಿನದ ಊಟಕ್ಕೆ ಅತ್ತೆ ಹಸಿಮೊಟ್ಟೆ ಕಡೆದು ಮಯೋನೀಸ್ ಮಾಡಿ ಕೋಳಿ ಸಾಲಡ್ ಕಲಸಿದ್ದಳು. ಅರ್ಧ ದಿನ ಸೆಕೆಯಲ್ಲಿ ಕೂತಿದ್ದ ಅದನ್ನು ಸೊಸೆ ಎರಡು ತಟ್ಟೆ ಬಾರಿಸಿ, "ಅಮೃತ ಅತ್ತೆ!" ಎಂದಿದ್ದಳು. ಆಮೇಲೆ ನಾಲ್ಕು ದಿನ ಬಚ್ಚಲು ಬಿಟ್ಟು ಬರಲಿಲ್ಲ. ಯಾರಾದರೂ ಬಾಗಿಲು ಬಡಿದರೆ "ಸ್ನಾನ ಮಾಡ್ತಿದೀನಿ" ಎನ್ನುತ್ತಿದ್ದಳು. ಊರೇ ಹೊಗಳುವ ಸಾಲಡ್ಡಿಗೆ ಅತ್ತೆಯ ಎದುರೇ ತಪ್ಪು ಹೊರಿಸುವುದು ಹೇಗೆ?

"ಇಲ್ಲ ಡಾಕ್ಟ್ರೇ."

ಪಕ್ಕದಲ್ಲಿದ್ದ ತೊಮಾಸಾ ಕೆಮ್ಮಿದಳು. "ಸುಳ್ಳು. ದಿನಕ್ಕೆ ಹನ್ನೆರಡು ಸಲ ಯಾರು ಸ್ನಾನ ಮಾಡ್ತಾರೆ? ಬಚ್ಚಲ ಹೊರಗೆ ಹೊಟ್ಟೆ ಹಿಡ್ಕೊಂಡು ನಿಂತಿದ್ದೋಳು ನಾನೇ. ಬರ್ಕೊಳ್ಳಿ, ಸಾಲಡ್ಡು ನಂದು."

ಡಾಕ್ಟರಮ್ಮ ನಗು ನುಂಗಿದಳು. "ಹೊಟ್ಟೇಲಿ ಹೊಕ್ಕ ಕ್ರಿಮಿ ಓಡಿಸೋಕೆ ಮೈಯೊಳಗಿನ ಕಾವಲು ಪಡೆ ಎದ್ದಿತ್ತು. ಕ್ರಿಮಿ ಹೋದ್ರೂ ಪಡೆ ಸಿಟ್ಟು ಇಳಿದಿಲ್ಲ, ಮಂಡಿ, ಕಣ್ಣಿನ ಮೇಲೆ ತೀರಿಸ್ಕೊಳ್ತಿದೆ. ಪರೀಕ್ಷೆ ಮಾಡಿ ಔಷಧಿ ಕೊಡ್ತೀನಿ, ಕಣ್ಣೂ ತೋರಿಸ್ಬೇಕು. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಇಳಿಯತ್ತೆ. ಇಸ್ತ್ರಿಯಿಂದ ಬಂದಿದ್ದಲ್ಲ, ಕೂತ್ಕೊಂಡು ಮಾಡ್ಲಿ."

"ತಿಂದಿದ್ದು ಇಬ್ರೂ. ನಂಗ್ಯಾಕೆ ಬರ್ಲಿಲ್ಲ?"

"ಕೆಲವರಿಗೆ ಮಾತ್ರ ಬರತ್ತೆ, ಅಮ್ಮ."

ತೊಮಾಸಾ ಮನೆಗೆ ಬಂದವಳೇ ಕಪಾಟಿನ ಬೀಗ ತೆಗೆದಳು, ಗಿಡ್ಡ ಮೇಜು ಎಳೆದಳು, ಸೊಸೆಯ ಕಾಲ ಕೆಳಗೆ ತನ್ನ ದಿಂಬಿಟ್ಟಳು.

"ಇನ್ಮೇಲೆ ಮಯೋನೀಸು ಅಂಗಡೀದೇ ತರೋದು," ಎಂದಳು ಗೋಡೆ ನೋಡುತ್ತ.

ಎರ್ಲಿಂದಾಳ ಕಣ್ಣು ತುಂಬಿತು. ನಾಲ್ಕನೇ ಅಂಗಿ ಇಸ್ತ್ರಿಯಾಗುವ ಹೊತ್ತಿಗೆ ಬಾಯಾರಿ ನೀರು ಕೇಳಿದಳು. ತೊಮಾಸಾ ಫ್ರಿಜ್ಜಿನವರೆಗೂ ಹೋಗಿ, ಬಾಗಿಲು ಮುಟ್ಟಿ, ತಿರುಗಿ ಬಂದು ಹೂಜಿಯಿಂದ ಬಗ್ಗಿಸಿದಳು.

"ಡಾಕ್ಟ್ರು ಹೇಳಿದ್ದು ಸರಿ. ಆದ್ರೂ ಸುಮ್ನೆ ತಂಡಿ ಯಾಕೆ?"